ಜೋಳಿಗೆಗೆ ಹಾಕಿದ ಮೇಲೆ

ಸ್ಮರಣ ಸಂಚಿಕೆಯ ಸಂಪಾದಕ ಮಂಡಲಿಯವರು ‘ಶರಣರ ನೀತಿ ಮತ್ತು ಇಂದಿನ ಸಮಾಜ’ ಎಂಬ ವಿಷಯವಾಗಿ ನಾನೊಂದು ಲೇಖನವನ್ನು ಬರೆದುಕೊಡಬೇಕೆಂದು ಅಪೇಕ್ಷಿಸಿದ್ದರು. ಆ ವಿಷಯವನ್ನು ಕುರಿತು ಈ ಸಂಸ್ಥೆಯ ಸಂಚಿಕೆಗಳಲ್ಲಿಯೇ ನಾನು ಎರಡು ಬಾರಿ ಬರೆದಿದ್ದೇನೆ. ಓದಿದವರು ಮರೆತಿರಬಹುದು, ಬರೆದವನು ಮರೆತಿಲ್ಲ. ಆದುದರಿಂದ ಅವರ ಕ್ಷಮೆಯನ್ನು ಕೋರಿ, ಕಳೆದ ಶ್ರಾವಣದಿಂದ ನನ್ನ ಮನಸ್ಸನ್ನು ಕಾಡುತ್ತಿರುವ ಒಂದು ಪ್ರಶ್ನೆಯನ್ನು ಅಧ್ಯಾಪಕ ಮಿತ್ರರ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿ ಮಹಾಶಯರ ಮುಂದೆ ಇಡಬಯಸುತ್ತೇನೆ.

ಶ್ರಾವಣದ ಪ್ರವಚನ ಮಾಲೆಯಲ್ಲಿ ಒಂದು ಸಂಜೆ ನನ್ನ ಪಾಲಿಗೆ ಸಪ್ತವ್ಯಸನಗಳ ವಿಚಾರ ಬಂದಿತ್ತು. ‘ವಿ’ ಉಪಸರ್ಗಪೂರ್ವಕವಾದ ‘ಅಸ್’ ಧಾತುವಿನಿಂದ ವ್ಯಸನ ಶಬ್ದ ಹುಟ್ಟಿತೆಂದೂ, ಅದಕ್ಕೆ ಚೆದುರಿಸಿ ಎಸೆಯುವುದು ಎಂಬ ಮೂಲಾರ್ಥವೆಂದೂ, ಕೌಟಿಲ್ಯನು ಅರ್ಥಶಾಸ್ತ್ರದ ಎಂಟನೆಯ ಅಧಿಕರಣವನ್ನೆಲ್ಲ ವ್ಯಸನ ವಿಚಾರಕ್ಕೇ ಮೀಸಲಿಟ್ಟನೆಂದೂ ವಿಸ್ತಾರವಾಗಿ ನಿರೂಪಿಸಿದೆ. ಸಭಿಕರು ಚಪ್ಪಾಳೆ ತಟ್ಟಿದರು. ಮಂಗಳಾರತಿ ಮುಗಿದು ಜನ ಚದುರಿದ ಮೇಲೆ, ನಮ್ಮ ಶಾಲೆಯ ಎಂಟನೆಯ ತರಗತಿಯ ಹುಡುಗನೊಬ್ಬನ ತಾಯಿ ಕಂಬದ ಮರೆಯಿಂದ ಬಂದು ನಿಂತರು. “ಸರ್, ನೀವು ಹೇಳಿದ್ದೆಲ್ಲಾ ಖರೇ ಐತ್ರಿ. ಬಿಡಬೇಕಂತ ನಮ್ಮನ್ಯಾವ್ರಿಗೂ ಐತಿ. ಕುಡಿಯೂದು ಬಿಟ್ಟವರು ವಾರಕ್ಕೊಮ್ಮೆ ಕೂಡೂ ಜಾಗಾ ಅಂತ ಇರತೈತಂತಲ್ರಿ, ಅದು ನಮ್ಮ ಕಡೆ ಎಲ್ಲೆರ ಐತೇನ್ರಿ?” ಎಂದು ಕೇಳಿದರು.

ವ್ಯಸನ ಶಬ್ದದ ವ್ಯುತ್ಪತ್ತಿಯನ್ನು ಬಲ್ಲ ನನಗೆ ಆ ಪ್ರಶ್ನೆಯ ಉತ್ತರ ತಿಳಿದಿರಲಿಲ್ಲ. ಸಂಸ್ಕೃತದ ಆ ಶಬ್ದ ಕನ್ನಡಕ್ಕೆ ಬಂದು ದುಃಖವೆಂಬ ಅರ್ಥವನ್ನೂ ತಾಳಿದೆ. ಸಾವಿನ ಮನೆಯಲ್ಲಿ ‘ವ್ಯಸನಪಡಬೇಡಿರಿ’ ಎನ್ನುತ್ತೇವೆ. ಚಟಕ್ಕೂ ದುಃಖಕ್ಕೂ ಒಂದೇ ಮಾತನ್ನು ಬಳಸಿದ ನಮ್ಮ ಹಿರಿಯರು ಏನನ್ನೋ ಕಂಡಿರಬೇಕು. ನಾನು ಮೊದಲನೆಯ ಅರ್ಥವನ್ನು ಕುರಿತು ಒಂದು ಗಂಟೆ ಮಾತನಾಡಿದ್ದೆ. ಆ ತಾಯಿ ಎರಡನೆಯದನ್ನು ಕುರಿತು ಕೇಳುತ್ತಿದ್ದರು.

ಮದ್ಯದ ವಿಷಯದಲ್ಲಿ ನಮ್ಮ ಮಠಗಳು ಸುಮ್ಮನೆ ಕುಳಿತಿಲ್ಲವೆಂಬುದನ್ನು ಮೊದಲು ಹೇಳಬೇಕು. ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಜೋಳಿಗೆಯೆಂದರೆ ಜೋಳವನ್ನೋ ಹಣವನ್ನೋ ನೀಡುವುದೆಂದು ತಿಳಿದಿದ್ದ ಜನರಿಗೆ, ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರಿ ಎಂದು ಬೇಡಿದ ಸ್ವಾಮಿಗಳು ಹೊಸಬರಾಗಿ ಕಂಡರು. ‘ಮಹಾಂತ ಜೋಳಿಗೆ’ ಎಂದೇ ಹೆಸರಾದ ಆ ಭಿಕ್ಷೆಗಾಗಿ ಅವರು ನಾಲ್ಕು ದಶಕಗಳ ಕಾಲ ಓಣಿ ಓಣಿ ಅಲೆದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಅನ್ನು ಕರ್ನಾಟಕ ಸರ್ಕಾರ ‘ವ್ಯಸನಮುಕ್ತ ದಿನ’ವೆಂದು ಆಚರಿಸುತ್ತಿದೆ. ಬೇಡುವವನು ಬಾಗಿ ನಿಲ್ಲುತ್ತಾನೆ, ಉಪದೇಶಿಸುವವನು ಎತ್ತರದಲ್ಲಿ ಕೂಡುತ್ತಾನೆ. ಬೇಡುವ ದಾರಿಯನ್ನೇ ಆರಿಸಿಕೊಂಡ ಆ ಪೂಜ್ಯರ ಬುದ್ಧಿ ಎಷ್ಟು ಸೂಕ್ಷ್ಮವಾದುದೆಂಬುದು ನನಗೆ ಇತ್ತೀಚೆಗೆ ಅರ್ಥವಾಗಿದೆ.

ಆದರೆ ಜೋಳಿಗೆಗೆ ಹಾಕಿದ ಮರುದಿನ ಸಂಜೆ ಏಳು ಗಂಟೆಗೆ ಆ ಮನುಷ್ಯ ಎಲ್ಲಿರಬೇಕು? ನಾನು ಕೇಳಬಯಸುವುದು ಇಷ್ಟೇ. ಇಪ್ಪತ್ತು ವರ್ಷಗಳಿಂದ ಆ ಹೊತ್ತಿಗೆ ಎಲ್ಲಿಗೆ ಹೋಗುತ್ತಿದ್ದನೋ ಆ ಅಂಗಡಿ ಅಲ್ಲಿಯೇ ಇದೆ, ಗೆಳೆಯರು ಅಲ್ಲಿಯೇ ಇದ್ದಾರೆ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ಆದರೆ ಸಾರಾಯಿ ಪಾಕೀಟಿನ ಸ್ಥಾನಕ್ಕೆ ಅಗ್ಗದ ವ್ಹಿಸ್ಕಿಯ ಪೊಟ್ಟಣ ಬಂದು ಕುಳಿತಿತು.

ನನಗೆ ಪರಿಚಿತರಾದ ಗಣಿತದ ಅಧ್ಯಾಪಕರೊಬ್ಬರು ಇದ್ದಾರೆ. ಅವರ ಹೆಸರು, ಊರು, ಅವರು ಕಲಿಸಿದ ಶಾಲೆ ಇವಾವುವೂ ಇಲ್ಲಿ ಬೇಡ. ಬರೆಯಲು ಒಪ್ಪಿಗೆ ಕೊಡುವಾಗ ಅವರು ಹಾಕಿದ ನಿಬಂಧನೆ ಅದೊಂದೇ. ಹಲವು ವರ್ಷಗಳ ಹಿಂದೆ ಒಂದು ಜಾತ್ರೆಯ ಸಮಾರಂಭದಲ್ಲಿ ಸಾವಿರಾರು ಜನರ ಎದುರಿಗೆ ವೇದಿಕೆಯನ್ನೇರಿ ಅವರು ಕುಡಿತವನ್ನು ಜೋಳಿಗೆಗೆ ಹಾಕಿದರು. ಪತ್ರಿಕೆಯಲ್ಲಿ ಛಾಯಾಚಿತ್ರ ಬಂದಿತು. ನಾಲ್ಕು ತಿಂಗಳು ಮಾತನ್ನು ನಡೆಸಿದರು. ಐದನೆಯ ತಿಂಗಳು ಒಂದು ಮದುವೆಗೆ ಹೋಗಿದ್ದಾಗ ಜಾರಿದರು. ಅದು ನನ್ನ ಕಿವಿಗೆ ಬಿದ್ದ ವಾರದಲ್ಲಿಯೇ ಬಸ್ ನಿಲ್ದಾಣದಲ್ಲಿ ಅವರು ಎದುರಾದರು. “ಗುರುಗಳ ಮುಂದೆ ಮಾತು ಕೊಟ್ಟು ತಪ್ಪಿದಿರಲ್ಲ ಸರ್!” ಎಂದೆ. ಅವರು ಉತ್ತರ ಕೊಡಲಿಲ್ಲ. ಮುಂದೆ ಎರಡು ವರ್ಷ ನನ್ನನ್ನು ಕಂಡರೆ ರಸ್ತೆಯ ಆಚೆಯ ಬದಿಗೆ ಹೋಗುತ್ತಿದ್ದರು. ಮಠಕ್ಕೂ ಬರುವುದನ್ನು ಬಿಟ್ಟರು. ಕುಡಿತವನ್ನು ಬಿಡಲಾಗದೆ ಮಠವನ್ನು ಬಿಟ್ಟರು. ಅವರನ್ನು ಆ ದಾರಿಗೆ ನೂಕಿದವರಲ್ಲಿ ನಾನೊಬ್ಬನೆಂದು ಇಂದು ಒಪ್ಪಿಕೊಳ್ಳುತ್ತೇನೆ.

ಆಮೇಲೆ ನಡೆದುದನ್ನು ಅವರೇ ಹೇಳಿದ್ದಾರೆ. ಒಂದು ದಿನ ಯಾರಿಗೂ ತಿಳಿಸದೆ ತಾವೇ ಹಟದಿಂದ ಕುಡಿತವನ್ನು ನಿಲ್ಲಿಸಿದರು. ಎರಡನೆಯ ದಿನ ಕೈಕಾಲು ನಡುಗಿ, ಮೂರ್ಛೆರೋಗ ಬಂದವರಂತೆ ಬಿದ್ದರು. ಮನೆಯವರು ಗಾಳಿ ಸೋಕಿತೆಂದು ತಿಳಿದು ಮಂತ್ರಿಸಲು ಹೊರಟಿದ್ದರು. ನೆರೆಮನೆಯ ಹುಡುಗನೊಬ್ಬನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದುದರಿಂದ ಜೀವ ಉಳಿಯಿತು. ಇಲ್ಲಿ ಅಧ್ಯಾಪಕ ಮಿತ್ರರು ಗಮನಿಸಬೇಕಾದ ಸಂಗತಿಯೊಂದಿದೆ. ಬಹುಕಾಲ ಪ್ರತಿದಿನವೂ ಕುಡಿದ ದೇಹ ಮದ್ಯವನ್ನು ಒಮ್ಮೆಲೇ ನಿಲ್ಲಿಸಿದಾಗ ನಡುಕ, ಸೆಳವು, ಎರಡು ಮೂರು ದಿನಗಳಾದ ಮೇಲೆ ಸನ್ನಿ ಬರಬಹುದು. ಆ ಸನ್ನಿ ಪ್ರಾಣವನ್ನೂ ತೆಗೆಯಬಹುದು. 2020ರ ಮಾರ್ಚ್ ತಿಂಗಳ ಕೊನೆಯಲ್ಲಿ ಕೊರೊನಾ ನಿಮಿತ್ತ ಮದ್ಯದಂಗಡಿಗಳನ್ನು ಹಠಾತ್ತನೆ ಮುಚ್ಚಿದಾಗ ಇಂತಹ ಅನೇಕರು ಆಸ್ಪತ್ರೆಗಳನ್ನು ಸೇರಿದರು. ಆದುದರಿಂದ ‘ಈ ಕ್ಷಣವೇ ಬಿಡು’ ಎಂದು ವೇದಿಕೆಯಿಂದ ಹೇಳುವವರು ‘ಬಿಡುವ ಮೊದಲು ವೈದ್ಯರನ್ನು ಕಾಣು’ ಎಂಬುದನ್ನೂ ಸೇರಿಸಿ ಹೇಳತಕ್ಕದ್ದು. ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವ ‘ಕುಡಿತ ಬಿಡಿಸುವ ಪುಡಿ’ಗಳನ್ನು ಕುರಿತು ಒಂದೇ ಮಾತು: ಅವುಗಳಲ್ಲಿ ಏನಿದೆಯೆಂದು ತಿನ್ನುವವನಿಗೂ ತಿಳಿಯದು, ಬೆರೆಸುವವಳಿಗೂ ತಿಳಿಯದು. ಕೆಲವು ಔಷಧಗಳಂತೂ ಮದ್ಯದ ಜೊತೆ ಸೇರಿದರೆ ವಿಷವಾಗುತ್ತವೆ.

ಆ ಆಸ್ಪತ್ರೆಯ ಮಾನಸಿಕ ವಿಭಾಗದ ವೈದ್ಯರು ನನ್ನ ಮಿತ್ರರನ್ನು ಮನೆಗೆ ಕಳುಹಿಸುವಾಗ ಔಷಧ ಚೀಟಿಯ ಹಿಂಬದಿಯಲ್ಲಿ ಒಂದು ವಿಳಾಸವನ್ನು ಬರೆದುಕೊಟ್ಟರಂತೆ. ಜಿಲ್ಲಾ ಕೇಂದ್ರದಲ್ಲಿ ಗುರುವಾರ ಸಂಜೆ ಕೂಡುತ್ತಿದ್ದ, ಕುಡಿತವನ್ನು ಬಿಟ್ಟ ಹಾಗೂ ಬಿಡಬಯಸುವವರ ಕೂಟದ ವಿಳಾಸ ಅದು. ಒಂದೂವರೆ ಗಂಟೆಯ ಬಸ್ ಪ್ರಯಾಣ. ಕೂಟ ಎಂಟು ಗಂಟೆಗೆ ಮುಗಿಯುತ್ತಿತ್ತು. ಊರಿಗೆ ಕೊನೆಯ ಬಸ್ಸು ಎಂಟಕ್ಕೇ ಹೊರಡುತ್ತಿತ್ತು. ಪ್ರತಿ ವಾರವೂ ಇಪ್ಪತ್ತು ನಿಮಿಷ ಮೊದಲೇ ಎದ್ದು ಬರುತ್ತಿದ್ದರು. ಹಾಗೆ ಎದ್ದು ಬಂದುಬಂದೇ ಈಗ ಒಂಬತ್ತು ವರ್ಷಗಳಾಗಿವೆ, ಅವರು ಕುಡಿದಿಲ್ಲ. ಅವರೇ ಒಂದು ದಿನ ರಸ್ತೆಯನ್ನು ದಾಟಿ ಈಚೆಗೆ ಬಂದು ನನ್ನನ್ನು ಮಾತನಾಡಿಸಿದರು. ನಾನು ದಾಟಿ ಹೋಗಲಿಲ್ಲ. ಶ್ರಾವಣದ ಆ ರಾತ್ರಿ ತಾಯಿಯ ಪ್ರಶ್ನೆಯನ್ನು ಹೊತ್ತುಕೊಂಡು ನಾನು ಹೋದುದು ಇವರಲ್ಲಿಗೆ.

“ನೀವೇ ಒಮ್ಮೆ ಬಂದು ನೋಡ್ರಿ ಪಂಡಿತರ” ಎಂದರು. ಹೊರಗಿನವರೂ ಕುಳಿತು ಕೇಳಬಹುದಾದ ಸಭೆ ಆಗೊಮ್ಮೆ ಈಗೊಮ್ಮೆ ನಡೆಯುತ್ತದೆ. ಅಂತಹುದೊಂದಕ್ಕೆ ಹೋದೆ. ಚಿಕ್ಕ ಕೊಠಡಿ, ಹನ್ನೊಂದು ಜನ, ಸ್ಟೀಲಿನ ಕಿಟಲಿಯಲ್ಲಿ ಚಹಾ. ಅಧ್ಯಕ್ಷರ ಪೀಠವಿಲ್ಲ, ಹಾರವಿಲ್ಲ, ಸ್ವಾಗತ ಭಾಷಣವಿಲ್ಲ. ವಂದನಾರ್ಪಣೆಯಿಲ್ಲದ ಸಭೆಯನ್ನು ನನ್ನ ಜೀವಮಾನದಲ್ಲಿ ಅಂದೇ ಕಂಡುದು. ಒಬ್ಬೊಬ್ಬರೂ ತಮ್ಮ ಚಿಕ್ಕ ಹೆಸರನ್ನು ಹೇಳಿ, ತಮ್ಮ ಕಥೆಯನ್ನು ತಾವೇ ಹೇಳಿದರು. ಯಾರೂ ಯಾರಿಗೂ ಬುದ್ಧಿ ಹೇಳಲಿಲ್ಲ. ಹಿಂದಿನ ವಾರ ಜಾರಿದವನೊಬ್ಬನು ಬಂದಿದ್ದನು. ಅವನಿಗೂ ಕುರ್ಚಿಯಿತ್ತು, ಚಹಾ ಇತ್ತು. ‘ಮಾತು ತಪ್ಪಿದೆಯಲ್ಲ’ ಎಂಬ ನುಡಿ ಹನ್ನೊಂದು ಬಾಯಿಗಳಲ್ಲಿ ಒಂದರಿಂದಲೂ ಹೊರಡಲಿಲ್ಲ. ಅಲ್ಲಿ ಕೇಳಿದ ಕಥೆಗಳನ್ನು ನಾನಿಲ್ಲಿ ಬರೆಯಲಾರೆ. ಕೇಳಿದ್ದು ಅಲ್ಲಿಯೇ ಉಳಿಯತಕ್ಕದ್ದೆಂಬುದು ಆ ಕೊಠಡಿಯ ನಿಯಮ.

ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಹೆಸರಿನ ಈ ಕೂಟಗಳ ಮೂಲವನ್ನು ವಿಚಾರಿಸಿದೆ. 1935ರ ಮೇ ತಿಂಗಳಿನಲ್ಲಿ ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್ ಎಂಬವನು ಅಮೆರಿಕದ ಓಹಾಯೊ ಸಂಸ್ಥಾನದ ಆಕ್ರನ್ ನಗರಕ್ಕೆ ಬಂದಿದ್ದನು. ಕುಡಿತವನ್ನು ಬಿಟ್ಟು ಐದು ತಿಂಗಳಾಗಿತ್ತು. ಬಂದ ವ್ಯವಹಾರ ಕೆಟ್ಟಿತು. ಪರವೂರು, ಕೈಯಲ್ಲಿ ಹಣವಿಲ್ಲ, ಹೋಟೆಲಿನ ಮೊಗಸಾಲೆಯ ಪಕ್ಕದಲ್ಲಿಯೇ ಪಾನಗೃಹ. ಒಳಗೆ ಕಾಲಿಟ್ಟರೆ ಮುಗಿಯಿತೆಂದು ಅವನಿಗೆ ಗೊತ್ತು. ಆಗ ಅವನು ಊರಿನ ಪಾದ್ರಿಗಳ ಪಟ್ಟಿಯನ್ನು ನೋಡಿ ದೂರವಾಣಿ ಮಾಡತೊಡಗಿದನು. ತನ್ನಂತೆಯೇ ಕುಡಿತದಿಂದ ನರಳುವ ಇನ್ನೊಬ್ಬನ ಭೇಟಿ ಮಾಡಿಸಿಕೊಡಿರೆಂಬುದೇ ಅವನ ಕೋರಿಕೆ. ಕೊನೆಗೆ ಒಬ್ಬ ಮಹಿಳೆಯ ಮೂಲಕ ಆ ಊರಿನ ಶಸ್ತ್ರವೈದ್ಯ ರಾಬರ್ಟ್ ಸ್ಮಿತ್ ಎಂಬವನ ಭೇಟಿಯಾಯಿತು. ಕಾಲುಗಂಟೆ ಮಾತ್ರವೆಂದು ಒಪ್ಪಿ ಬಂದ ವೈದ್ಯನು ಗಂಟೆಗಟ್ಟಲೆ ಕುಳಿತನು. ಏಕೆಂದರೆ ಬಂದವನು ಉಪದೇಶ ಮಾಡದೆ ತನ್ನ ಕಥೆಯನ್ನು ಹೇಳಿದನು. ಆ ವೈದ್ಯನೂ ಮಧ್ಯದಲ್ಲೊಮ್ಮೆ ಜಾರಿದನು. ಅವನು ಕೊನೆಯ ಬಾರಿ ಕುಡಿದ 1935ರ ಜೂನ್ 10ನ್ನೇ ಆ ಸಂಘದವರು ತಮ್ಮ ಸ್ಥಾಪನೆಯ ದಿನವೆಂದು ಎಣಿಸುತ್ತಾರೆ. ಮಾತು ತಪ್ಪಿದವನೊಬ್ಬನು ಮರಳಿ ಬಂದ ದಿನವೇ ಒಂದು ಸಂಸ್ಥೆಯ ಸ್ಥಾಪನಾ ದಿನವಾದುದನ್ನು ನಾನು ಬೇರೆಲ್ಲಿಯೂ ಓದಿಲ್ಲ. ಬಸ್ ನಿಲ್ದಾಣದಲ್ಲಿ ನಾನಾಡಿದ ಮಾತು ಇದನ್ನೋದಿದಾಗ ಇನ್ನಷ್ಟು ಚುಚ್ಚಿತು.

ಇದು ಪರದೇಶದ, ಪರಮತದ ಪದ್ಧತಿಯಲ್ಲವೇ ಎಂದು ನಮ್ಮಲ್ಲಿ ಕೆಲವರು ಕೇಳಿದ್ದಾರೆ. ಕ್ರೈಸ್ತ ವಾತಾವರಣದಲ್ಲಿ ಹುಟ್ಟಿದುದು ನಿಜ. ಆದರೆ ಅವರ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುವಲ್ಲಿ ‘ನಾವು ಅರಿತುಕೊಂಡ ರೀತಿಯ ದೇವರು’ ಎಂಬ ವಿಶೇಷಣವಿದೆ. ಅಂಗೈಯ ಇಷ್ಟಲಿಂಗವನ್ನು ನೋಡುತ್ತ ಆ ಹೆಜ್ಜೆಯನ್ನು ಇಡುವವನಿಗೆ ಅಡ್ಡಿಯಿಲ್ಲ. ಸೇರಲು ಬೇಕಾದ ಅರ್ಹತೆಯೂ ಒಂದೇ, ಕುಡಿತವನ್ನು ಬಿಡಬೇಕೆಂಬ ಬಯಕೆ. ಜಾತಿಯನ್ನು ಕೇಳುವುದಿಲ್ಲ. ಇದನ್ನು ಅನುಭವ ಮಂಟಪಕ್ಕೆ ಸಮವೆಂದು ಹೊಗಳುವ ಆತುರ ನನಗಿಲ್ಲ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆನ್ನುವುದು ನಮ್ಮ ವಿದ್ವಾಂಸರ ಒಂದು ವ್ಯಸನ. ಆದರೂ ಒಂದು ಮಾತನ್ನು ಜ್ಞಾಪಿಸಬೇಕು. ಬಸವಾದಿ ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರನಿದ್ದಾನೆ. ಹೆಂಡ ಮಾರುವುದು ಅವನ ವೃತ್ತಿಯಾಗಿತ್ತೆಂದು ಪರಂಪರೆ ಹೇಳುತ್ತದೆ. ಶರಣನಾದ ಮೇಲೆಯೂ ಆ ಹಿಂದಿನ ವೃತ್ತಿಯ ಹೆಸರು ಅವನ ಹೆಸರಿನೊಡನೆ ಉಳಿದಿದೆ. ಅದನ್ನು ಅಳಿಸಬೇಕೆಂದು ಶರಣರಿಗೆ ತೋರಲಿಲ್ಲ. ಹೆಂಡದ ಹೆಸರನ್ನು ಹೊತ್ತವನನ್ನು ಪಕ್ಕದಲ್ಲಿ ಕೂಡಿಸಿಕೊಂಡವರ ವಾರಸುದಾರರು ನಾವು.

ಈ ಪದ್ಧತಿಯಿಂದ ಫಲವುಂಟೇ ಎಂಬ ಪ್ರಶ್ನೆ ನ್ಯಾಯವಾದುದು. 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, 10,565 ಜನರ ವಿವರಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿತು. ರೋಗಿಗಳನ್ನು ಇಂತಹ ಕೂಟಗಳಿಗೆ ಕ್ರಮವಾಗಿ ಸೇರಿಸುವ ಚಿಕಿತ್ಸೆ, ಸಂಪೂರ್ಣವಾಗಿ ಮದ್ಯವನ್ನು ಬಿಟ್ಟಿರುವ ವಿಷಯದಲ್ಲಿ, ಇತರ ಪ್ರಸಿದ್ಧ ಮನೋಚಿಕಿತ್ಸೆಗಳಿಗಿಂತ ಹೆಚ್ಚು ಫಲ ಕೊಟ್ಟಿತೆಂದು ಕಂಡುಬಂದಿತು. ಎಲ್ಲರಿಗೂ ಒಗ್ಗುವುದೆಂದು ಇದರ ಅರ್ಥವಲ್ಲ. ನಮ್ಮ ನಾಡಿನಲ್ಲಿಯೇ ಧರ್ಮಸ್ಥಳದವರು ಊರೂರುಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿದ್ದಾರೆ. ಅವರೂ ಶಿಬಿರ ಮುಗಿಸಿ ಕೈತೊಳೆದುಕೊಳ್ಳದೆ, ಶಿಬಿರದಿಂದ ಹೊರಬಂದವರಿಗಾಗಿ ‘ನವಜೀವನ ಸಮಿತಿ’ಗಳನ್ನು ಕಟ್ಟಿ ಕೂಡಿಸುತ್ತಾರೆ. ಅಮೆರಿಕದಲ್ಲಿ ಹುಟ್ಟಿದವರಿಗೂ ನೇತ್ರಾವತಿಯ ದಡದವರಿಗೂ ಹೊಳೆದುದು ಒಂದೇ: ಬಿಡುವುದು ಒಂದು ದಿನದ ಕೆಲಸ, ಬಿಟ್ಟಿರುವುದು ಪ್ರತಿದಿನದ ಕೆಲಸ, ಅದಕ್ಕೆ ಜೊತೆಗಾರರು ಬೇಕು.

ಆ ಜೊತೆ ಸಿಗುವುದೆಷ್ಟು ಜನಕ್ಕೆ? 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದಲ್ಲಿ ಮದ್ಯದಿಂದ ತೊಂದರೆಗೊಳಗಾಗಿ ನೆರವು ಬೇಕಾದವರು ಸುಮಾರು 5.7 ಕೋಟಿ. ಮದ್ಯಕ್ಕೆ ದಾಸರಾದವರಲ್ಲಿ 38 ಜನಕ್ಕೆ ಒಬ್ಬನು ಮಾತ್ರ ಯಾವುದಾದರೂ ನೆರವು ದೊರೆಯಿತೆಂದು ಹೇಳಿದ್ದಾನೆ. ಉಳಿದ 37 ಜನರ ಮನೆಗಳಿಂದ ಬರುವ ಮಕ್ಕಳು ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. ಪ್ರಸಾದ ನಿಲಯದ ಮೇಲ್ವಿಚಾರಕರನ್ನು ಕೇಳಿದರೆ ತಿಳಿಯುತ್ತದೆ. ದಸರೆಯ ರಜೆ ಬಂದರೆ ಊರಿಗೆ ಹೋಗಲು ಒಲ್ಲೆನೆನ್ನುವ ಹುಡುಗರು ಪ್ರತಿವರ್ಷ ಇಬ್ಬರು ಮೂವರಾದರೂ ಇರುತ್ತಾರೆ. ಕಾರಣವನ್ನು ಅವರು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಕುಡಿಯುವವರ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಬೇರೆ ಕೂಟವನ್ನು 1951ರಲ್ಲಿ ಬಿಲ್ ವಿಲ್ಸನ್‌ನ ಪತ್ನಿ ಲೋಯಿಸ್ ಇನ್ನೊಬ್ಬ ಮಹಿಳೆಯೊಡನೆ ಕೂಡಿ ಆರಂಭಿಸಿದಳು. ಕುಡಿಯುವವನಿಗಿಂತ ಮೊದಲು ಅವನ ಹೆಂಡತಿಯೇ ದಾರಿ ಕೇಳಿ ಬರುತ್ತಾಳೆಂಬುದು ನನ್ನ ಅನುಭವಕ್ಕೂ ಬಂದಿದೆ.

ಅಧ್ಯಾಪಕರನ್ನು ನಾಳೆ ಯಾರಾದರೂ ಹೀಗೆಯೇ ಕೇಳಿದರೆ ನನ್ನಂತೆ ನಿರುತ್ತರರಾಗಬಾರದು. ಮೊದಲು ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಕಳುಹಿಸಿರಿ. ಸುತ್ತಲಿನ ಕೂಟಗಳ ಸಂಗತಿಯನ್ನೂ ಅಲ್ಲಿಯೇ ವಿಚಾರಿಸಲು ಹೇಳಿರಿ. 14446 ಎಂಬುದು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ. ಅನೇಕ ಕೂಟಗಳು ಚರ್ಚಿನ ಆವರಣಗಳಲ್ಲಿ, ಶಾಲೆಯ ಕೊಠಡಿಗಳಲ್ಲಿ ನಡೆಯುವುದರಿಂದ ಅಲ್ಲಿ ಕೇಳಿದರೂ ತಿಳಿದೀತು. ಯಾವ ವಾರ, ಎಷ್ಟು ಹೊತ್ತಿಗೆ, ಮಾತು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಎಂಬುದನ್ನು ಕೇಳಿಕೊಳ್ಳಬೇಕು. ಇಂಗ್ಲಿಷಿನ ಕೂಟಕ್ಕೆ ಹೋಗಿ ಗೌಂಡಿಯೊಬ್ಬನು ಏನು ಮಾಡಿಯಾನು? ಮೊದಲ ದಿನ ಹಿಡಿಸದಿದ್ದರೆ ಮತ್ತೆ ನಾಲ್ಕು ವಾರ ಹೋಗಲಿ, ಇಲ್ಲವೇ ಬೇರೊಂದನ್ನು ನೋಡಲಿ. ಮುಂಗಡ ಹಣ ಕೇಳುವ, ಬಡಿದು ಕೂಡಿಹಾಕುವ ‘ವ್ಯಸನಮುಕ್ತಿ ಕೇಂದ್ರ’ಗಳಿಂದ ದೂರವಿರಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ಇಂತಹ ಚಿಕಿತ್ಸಾ ಕೇಂದ್ರಗಳು ನೋಂದಣಿಯಾಗಿರಲೇಬೇಕು.

ದಾನಿ ಮಹಾಶಯರಿಗೆ ಬಂದರೆ, ನನ್ನ ಮಾತು ಸ್ವಲ್ಪ ವಿಚಿತ್ರವೆನಿಸೀತು. ಈ ಕಾರ್ಯಕ್ಕೆ ನಿಮ್ಮ ಹಣ ಬೇಡ. ಹೊರಗಿನವರ ದೇಣಿಗೆಯನ್ನು ಸ್ವೀಕರಿಸಬಾರದೆಂಬುದು ಆ ಕೂಟಗಳ ಸಂಪ್ರದಾಯಗಳಲ್ಲೊಂದು. ಬಂದವರು ತಟ್ಟೆಗೆ ಹಾಕಿದ ಹತ್ತು ಇಪ್ಪತ್ತು ರೂಪಾಯಿಗಳಲ್ಲಿಯೇ ಚಹಾದ ಖರ್ಚೂ ಕೊಠಡಿಯ ಬಾಡಿಗೆಯೂ ಸಾಗಬೇಕು. ಕೊಠಡಿಯನ್ನು ಪುಕ್ಕಟೆ ಕೊಡುತ್ತೇವೆಂದರೂ ಅಲ್ಪಸ್ವಲ್ಪ ಬಾಡಿಗೆಯನ್ನು ಕೊಡುತ್ತೇವೆಂದೇ ಅವರು ಹೇಳುತ್ತಾರೆ. ಬಾಗಿಲ ಮೇಲೆ ದಾನಿಗಳ ಹೆಸರಿನ ಕಲ್ಲನ್ನು ಹಾಕುವಂತಿಲ್ಲ, ಉದ್ಘಾಟನೆಯ ಛಾಯಾಚಿತ್ರವನ್ನು ತೆಗೆಯುವಂತಿಲ್ಲ. ನಮ್ಮ ಪರಂಪರೆಯ ದಾಸೋಹದಲ್ಲಿ ನೀಡುವವನ ಅಹಂಕಾರ ಅಳಿಯಬೇಕೆನ್ನುತ್ತಾರೆ. ಇಷ್ಟು ಕಟ್ಟುನಿಟ್ಟಾಗಿ ಅದನ್ನು ಕಾಯಿದೆ ಮಾಡಿಕೊಂಡವರನ್ನು ನಾನು ಕಂಡುದು ಅಲ್ಲಿಯೇ.

ನನ್ನ ಮಿತ್ರರೂ ಇನ್ನು ಮೂವರೂ ಕೂಡಿ ನಮ್ಮ ಊರಿನಲ್ಲಿಯೇ ವಾರಕ್ಕೊಮ್ಮೆ ಒಂದು ಕನ್ನಡದ ಕೂಟವನ್ನು ನಡೆಸಲು ಸಿದ್ಧರಿದ್ದಾರೆ. ಅದಕ್ಕಾಗಿ ಶಾಲೆಯ ಒಂದು ಕೊಠಡಿಯನ್ನು ಕೇಳಿ ನಾನೇ ಆಡಳಿತ ಮಂಡಲಿಗೆ ಪತ್ರವನ್ನು ಕೊಟ್ಟಿದ್ದೇನೆ. ಅದು ಎರಡು ಸಭೆಗಳಲ್ಲಿ ಮುಂದಕ್ಕೆ ಹೋಯಿತು. ಕುಡುಕರು ಶಾಲೆಯ ಅಂಗಳಕ್ಕೆ ಬಂದರೆ ಹೆಸರು ಕೆಡುವುದೆಂಬ ಅಳುಕು ಹಿರಿಯರಿಗಿದೆ. ಅವರ ಅಳುಕನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಾಲ್ಕು ಹಳ್ಳಿಗಳ ಜೋಳದ ಕಾಣಿಕೆಯಿಂದ ಕಟ್ಟಿದ ಶಾಲೆಯಿದು. ಆದರೆ ಬರುವವರು ಕುಡಿದು ಬರುವವರಲ್ಲ, ಬಿಟ್ಟು ಬರುವವರು. ಕೂಡುವುದು ಮಕ್ಕಳೆಲ್ಲ ಮನೆಗೆ ಹೋದ ಮೇಲೆ. ಅವರಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳೂ ಇರಬಹುದು. ಹಾಜರಿ ಪುಸ್ತಕವಿಲ್ಲದ್ದರಿಂದ ನಮಗೆ ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಪೂಜ್ಯ ಶ್ರೀಗಳವರು ಒಂದು ದಿನ ಬಂದು ಆಶೀರ್ವಚನ ನೀಡಲೆಂದು ಕೆಲವರು ಸೂಚಿಸಿದರು. ಶ್ರೀಗಳವರಲ್ಲಿ ಈ ಸಂಗತಿಯನ್ನು ಅರಿಕೆ ಮಾಡಿಕೊಂಡಾಗ ಅವರು ನಕ್ಕು, “ನಾವು ಬಂದರೆ ಅವರು ಎದ್ದು ನಿಲ್ಲಬೇಕಾಗುತ್ತದೆ, ಕುಳಿತು ಮಾತಾಡಲಿ ಬಿಡಿರಿ” ಎಂದು ಅಪ್ಪಣೆ ಕೊಡಿಸಿದರು.

ಗ್ರಂಥಾಲಯದ ಹಿಂದೆ ಹಳೆಯ ಭೂಪಟಗಳನ್ನು ಇಟ್ಟಿರುವ ಕೊಠಡಿ ಸಂಜೆ ಐದರ ನಂತರ ಖಾಲಿಯಿರುತ್ತದೆ. ಅದಕ್ಕೆ ಓಣಿಯ ಕಡೆಗೆ ಬೇರೊಂದು ಬಾಗಿಲಿದೆ. ದೊಡ್ಡ ಗೇಟಿನ ಮುಂದೆ ಹಾಯಬೇಕಾಗಿಲ್ಲ. ಹನ್ನೆರಡು ಕುರ್ಚಿಗಳು ಹಿಡಿಸುತ್ತವೆ. ಶ್ರಾವಣದಲ್ಲಿ ಪ್ರಶ್ನೆ ಕೇಳಿದ ಆ ತಾಯಿಗೆ ನಾನು ಜಿಲ್ಲಾ ಕೇಂದ್ರದ ವಿಳಾಸವನ್ನು ಬರೆದುಕೊಟ್ಟಿದ್ದೆ. ಅವರ ಮನೆಯವರು ಎರಡು ಗುರುವಾರ ಹೋಗಿ ಬಂದರು. ಗೌಂಡಿ ಕೆಲಸದವರು ಅವರು. ಮಧ್ಯಾಹ್ನವೇ ಕೆಲಸ ಬಿಟ್ಟು ಹೊರಡಬೇಕಾಗಿ ಅರ್ಧ ದಿನದ ಕೂಲಿ ಹೋಗುತ್ತಿತ್ತು, ಮೇಲೆ ಬಸ್ಸಿನ ಖರ್ಚು; ಮೂರನೆಯ ಗುರುವಾರ ಹೋಗಲಿಲ್ಲ. ಮಗನು ಈ ವರ್ಷ ಒಂಬತ್ತನೆಯ ತರಗತಿಗೆ ಬಂದಿದ್ದಾನೆ, ಕಿಟಕಿಯ ಪಕ್ಕದ ಮೂರನೆಯ ಬೆಂಚು. ಕನ್ನಡ ಪಾಠ ನನ್ನದೇ.